ಏಜ್ ಆಫ್ ಎಂಪೈರ್ಸ್ 2, 3, 4: ಯಾವುದಕ್ಕೆ ದುಡ್ಡು ಹಾಕೋದು?

ಏಜ್ ಆಫ್ ಎಂಪೈರ್ಸ್ ಅಂದ್ರೆ ಕಂಪ್ಯೂಟರಲ್ಲಿ ಊರು ಕಟ್ಟಿ, ಸೈನ್ಯ ಬೆಳೆಸಿ ಎದುರಾಳಿಯನ್ನ ಸೋಲಿಸೋ ಗೇಮ್. ಸ್ಟೀಮ್ ಅನ್ನೋ ಆನ್‌ಲೈನ್ ಗೇಮ್ ಅಂಗಡೀಲಿ ಸೇಲ್ ಬಂತು ಅಂದ್ರೆ ಸಾಕು, ನಮ್ಮ ವಾಟ್ಸಾಪ್ ಗ್ರೂಪಲ್ಲಿ ಇದೇ ಜಗಳ. "ಮಗಾ 4 ತಗೊಳ್ಳೋದಾ, ಇಲ್ಲ 2 ಡಿಇನೇ ಸಾಕಾ" ಅಂತ ಒಬ್ಬ ಕೇಳ್ತಾನೆ (ಡಿಇ ಅಂದ್ರೆ ಡೆಫಿನಿಟಿವ್ ಎಡಿಷನ್, ಹಳೇ ಗೇಮನ್ನ ಹೊಸದಾಗಿ ಮಾಡಿದ್ದು), ಇನ್ನೊಬ್ಬ "3ರದ್ದೂ ರೇಟ್ ಇಳಿಸಿದಾರೆ ನೋಡೋ" ಅಂತಾನೆ, ಮತ್ತೊಬ್ಬ ಒಂದು ಮೀಮ್ ಹಾಕಿ ಸುಮ್ನಾಗ್ತಾನೆ, ಅಷ್ಟರಲ್ಲಿ ಸೇಲ್ ಮುಗಿದಿರುತ್ತೆ, ಯಾರೂ ಏನೂ ತಗೊಂಡಿರಲ್ಲ. ಗ್ರೂಪಿನ ಆಚೆ ಕೂಡ ಇದೇ ಕಥೆ. ಜಯನಗರ, ರಾಜಾಜಿನಗರ, ವಿಜಯನಗರದ ಸೈಬರ್ ಸೆಂಟರ್‌ಗಳಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಆಡಿ ಬೆಳೆದವರು ಈಗ ಸಂಬಳ ತಗೊಳ್ತಾರೆ, ಗೇಮ್ ಕೊಳ್ಳೋಕೆ ತೊಂದ್ರೆ ಇಲ್ಲ, ಆಡೋಕೆ ಟೈಮಿಲ್ಲ, ಹಾಗಾಗಿ ಸರಿಯಾದ್ದನ್ನೇ ಆರಿಸ್ಬೇಕು ಅನ್ನೋ ಚಿಂತೆ. ಅದಕ್ಕೇ ಒಂದ್ಸಲ ಎಲ್ಲಾ ಬರೆದು ಹಾಕ್ತಿದೀನಿ, ಇನ್ಮೇಲೆ ಯಾರು ಕೇಳಿದ್ರೂ ಇದನ್ನೇ ಫಾರ್ವರ್ಡ್ ಮಾಡ್ತೀನಿ.

ಮೊದಲೇ ಹೇಳ್ಬಿಡ್ತೀನಿ, ನಾನು 2ರ ಪಕ್ಷದವನು. ಆದ್ರೆ 4ನ್ನ ಬೈಯೋ ಗುಂಪಿಗೆ ಸೇರಿದವನಲ್ಲ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಏಜ್ ಆಫ್ ಕಿಂಗ್ಸ್, ಅಂದ್ರೆ 2, ಬಂದಿದ್ದು 1999ರಲ್ಲಿ, ಮಾಡಿದ್ದು ಅಮೆರಿಕದ ಎನ್ಸೆಂಬಲ್ ಸ್ಟುಡಿಯೋಸ್, ಮುಂದಿನ ವರ್ಷ ಅದಕ್ಕೆ ಕಾಂಕರರ್ಸ್ ಅನ್ನೋ ಮುಂದುವರಿದ ಭಾಗ ಬಂತು. ನಾವೆಲ್ಲ ಆಡಿದ್ದು ಆ ಕಾಂಕರರ್ಸೇ, ಯಾರದೋ ಸಿಡಿಯಿಂದ ಕಾಪಿ ಆಗಿ ಕಾಪಿ ಆಗಿ ಬಂದಿದ್ದು. 2005ಕ್ಕೆ 3 ಬಂತು, 2009ರಲ್ಲಿ ಮೈಕ್ರೋಸಾಫ್ಟ್ ಎನ್ಸೆಂಬಲ್‌ನ ಮುಚ್ಚಿಬಿಡ್ತು. ಅಲ್ಲಿಗೆ ಕಥೆ ಮುಗೀತು ಅನ್ಕೊಂಡಿದ್ರೆ 2013ರಲ್ಲಿ 2ರ ಎಚ್‌ಡಿ ಎಡಿಷನ್ ಬಂತು, ಜನ ಮುಗಿಬಿದ್ದು ತಗೊಂಡ್ರು, 2019ರಲ್ಲಿ ಡೆಫಿನಿಟಿವ್ ಎಡಿಷನ್ ಬಂತು (ಡಿಇ ಅನ್ನೋದು ಇದನ್ನೇ), 2020ರಲ್ಲಿ 3ಕ್ಕೂ ಡಿಇ ಬಂತು, 2021ರ ಅಕ್ಟೋಬರಲ್ಲಿ ರೆಲಿಕ್ ಅನ್ನೋ ಕಂಪನಿ ಮಾಡಿದ 4. ಅಂದ್ರೆ 3ಕ್ಕೂ 4ಕ್ಕೂ ನಡುವೆ 16 ವರ್ಷ. ಆ ಗ್ಯಾಪಲ್ಲಿ 2ನ್ನ ಜನ ತಲೆ ಮೇಲೆ ಕೂರಿಸ್ಕೊಂಡ್‌ಬಿಟ್ಟಿದ್ರು, ಪಾಪ 4 ಬರೋ ಹೊತ್ತಿಗೆ ಅದನ್ನ ಹೋಲಿಸಿ ನೋಡಿದ್ದು ಗೇಮ್ ಜೊತೆ ಅಲ್ಲ, ಜನರ ನೆನಪಿನ ಜೊತೆ.

ಹೋಲಿಸೋಕೆ ಮುಂಚೆ ಏನೇನ್ ನೋಡ್ಬೇಕು ಅನ್ನೋದು. ಗ್ರಾಫಿಕ್ಸ್ ಮೊದಲು ನೋಡೋರೇ ಜಾಸ್ತಿ, ನನ್ನ ಪ್ರಕಾರ ಅದು ಕೊನೇದು. ಮೊದಲನೇದು ಯಾರ ಜೊತೆ ಆಡ್ತೀರ, ಹಳೇ ಗ್ಯಾಂಗ್ ಜೊತೆನಾ, ಒಬ್ಬರೇನಾ, ಇಲ್ಲ ಆನ್‌ಲೈನಲ್ಲಿ ಗುರುತಿಲ್ಲದವರ ಜೊತೆ ಗೆದ್ರೆ ಸೋತ್ರೆ ಪಾಯಿಂಟ್ ಏರಿಳಿಯೋ ರ‍್ಯಾಂಕ್ಡ್ ಆಡ್ತೀರಾ. ಎರಡನೇದು ನಿಮ್ಮ ಹತ್ರ ಇರೋ ಮಷಿನ್. ಮೂರು, ಕೂತ್ರೆ ಎಷ್ಟು ಹೊತ್ತು ಕೂರಬಲ್ಲಿರಿ, ಮಗು ಎದ್ದು ಅಳೋ ಮನೇಲಿ ಎರಡು ಗಂಟೆ ಬ್ಲ್ಯಾಕ್ ಫಾರೆಸ್ಟ್ ಅನ್ನೋ ಕಾಡು ತುಂಬಿದ ಮ್ಯಾಪ್ ಆಡೋಕಾಗಲ್ಲ. ನಾಲ್ಕು, ಗೇಮ್ ತಗೊಂಡ ಮೇಲೆ ಡಿಎಲ್‌ಸಿ ಡಿಎಲ್‌ಸಿ (ಬೇರೆ ದುಡ್ಡಿಗೆ ಮಾರೋ ಹೆಚ್ಚುವರಿ ಭಾಗ) ಅಂತ ಇನ್ನೆಷ್ಟು ದುಡ್ಡು ಬಿಚ್ಚಿಸ್ತಾರೆ. ಇನ್ನೊಂದು ನನ್ನ ವೈಯಕ್ತಿಕ ಹುಚ್ಚು, ನಮ್ಮ ಕಡೆ ಇತಿಹಾಸಕ್ಕೆ ಅದ್ರಲ್ಲಿ ಎಷ್ಟು ಜಾಗ ಇದೆ ಅನ್ನೋದು.

2 ಡಿಇ

ಇದು ಹಳೇ ಗೇಮೇ. ಆಟ ಏಜ್ ಅನ್ನೋ ಯುಗಗಳಲ್ಲಿ ಮುಂದೆ ಹೋಗುತ್ತೆ, ಶುರು ಅದೇ ಡಾರ್ಕ್ ಏಜ್, ಅದೇ ಮೂರು ವಿಲೇಜರ್ (ಕೆಲಸ ಮಾಡೋರು), ಒಬ್ಬ ಸ್ಕೌಟ್ (ಮ್ಯಾಪ್ ಸುತ್ತಿ ನೋಡೋ ಸವಾರ), ಅದೇ ಫ್ಯೂಡಲ್‌ಗೆ 500 ಫುಡ್, ಕ್ಯಾಸಲ್ ಏಜ್‌ಗೆ 800 ಫುಡ್ 200 ಗೋಲ್ಡ್. ಚಿತ್ರ ಎಲ್ಲಾ ಹೊಸದಾಗಿ ಮಾಡಿದಾರೆ, ಕಟ್ಟಡ ಬಿದ್ರೆ ಕಲ್ಲು ಕಲ್ಲು ಉದುರುತ್ತೆ, ನೋಡೋಕೆ ಖುಷಿ. ಆದ್ರೆ ನಿಜವಾದ ಉಪಕಾರ ಅಂದ್ರೆ ಹೊಲ ತಾನಾಗೇ ಮತ್ತೆ ಬಿತ್ತನೆ ಆಗುತ್ತೆ, ಸ್ಕೌಟ್‌ನ ಆಟೋ ಬಿಡಬಹುದು, ವಿಲೇಜರ್‌ಗೆ ಒಂದಾದ ಮೇಲೊಂದು ಕೆಲಸ ಸಾಲಾಗಿ ಹೇಳಿಡಬಹುದು. ಹಿಂದೆ ಹೊಲ ಖಾಲಿಯಾಗಿ ವಿಲೇಜರ್‌ಗಳು ಕೈಕಟ್ಟಿ ನಿಂತಿರೋದು ಗೊತ್ತೇ ಆಗ್ತಿರ್ಲಿಲ್ಲ, ಆ ಕಿರಿಕ್ ಹೋಯ್ತು.

ಆದ್ರೆ ಈ ಗೇಮಿನ ಸುಖ ಕಷ್ಟ ಎರಡೂ ಒಂದೇ ಜಾಗದಲ್ಲಿದೆ. ಕಾಡುಹಂದಿ ಉದಾಹರಣೆ ತಗೊಳ್ಳಿ. ಒಬ್ಬ ವಿಲೇಜರ್‌ನ ಕಳಿಸಿ ಹಂದಿಗೆ ಬಾಣ ಬಿಡಿಸ್ಬೇಕು, ಅದು ಅಟ್ಟಿಸ್ಕೊಂಡು ಬರುತ್ತೆ, ಅವನನ್ನ ಟೌನ್ ಸೆಂಟರ್ ಕಡೆ ಓಡಿಸ್ಬೇಕು, ಕುರಿ ಹತ್ರ ಇರೋರನ್ನ ಟಕ್ಕಂತ ಹಂದಿ ಕಡೆ ತಿರುಗಿಸ್ಬೇಕು, ಓಡಿ ಬಂದವನ ರಕ್ತ ಕಮ್ಮಿ ಇದ್ರೆ ಒಳಗೆ ಹಾಕ್ಬೇಕು, ಇದೆಲ್ಲ ಮಾಡ್ತಾ ಇರ್ಬೇಕಾದ್ರೆ ಟೌನ್ ಸೆಂಟರಲ್ಲಿ ವಿಲೇಜರ್ ಕ್ಯೂ ನಿಲ್ಲಬಾರದು. 340 ಫುಡ್‌ಗೆ ಇಷ್ಟು ಒದ್ದಾಟ. ಒಂದು ಕ್ಲಿಕ್ ತಡ ಆದ್ರೆ ವಿಲೇಜರ್ ಸತ್ತ, ಹಂದಿ ವಾಪಸ್ ಕಾಡಿಗೆ. ಇಪ್ಪತ್ತು ವರ್ಷದಿಂದ ಆಡ್ತಿರೋರಿಗೆ ಇದು ಕೈಯಲ್ಲೇ ಇದೆ, ತಲೆ ಓಡಿಸ್ಬೇಕಾಗಿಲ್ಲ. ಹೊಸಬರಿಗೆ ಮಾತ್ರ ಇಲ್ಲೇ ಅರ್ಧ ಜೀವ ಹೋಗುತ್ತೆ. ಕಲಿಸೋಕೆ ಅಂತ ಆರ್ಟ್ ಆಫ್ ವಾರ್ ಅನ್ನೋ ಸಣ್ಣ ಸಣ್ಣ ಮಿಷನ್‌ಗಳಿವೆ, ಚೆನ್ನಾಗಿವೆ, ಆದ್ರೂ ರ‍್ಯಾಂಕ್ಡ್‌ಗೆ ಹೋದ್ರೆ ಮೊದಲ ಕೆಲವು ವಾರ ಒದೆ ತಿನ್ನೋದು ಗ್ಯಾರಂಟಿ, ಅಲ್ಲಿರೋರೆಲ್ಲ ಹಳೇ ಹುಲಿಗಳು.

ಆಡೋಕೆ ಆರಿಸ್ಕೊಳ್ಳೋ ನಾಗರಿಕತೆಗಳು ಡಿಇ ಬಂದಾಗ್ಲೇ 35 ಇದ್ವು, ಈಗ ಅದಕ್ಕಿಂತ ಎಷ್ಟೋ ಜಾಸ್ತಿ. ಎಲ್ಲದರ ಬಲ, ದೌರ್ಬಲ್ಯ ನೆನಪಿಟ್ಕೊಳ್ಳೋದು ಪಿಯುಸಿ ಕೆಮಿಸ್ಟ್ರಿ ಥರ. 2022ರ ಡೈನಾಸ್ಟೀಸ್ ಆಫ್ ಇಂಡಿಯಾ ಡಿಎಲ್‌ಸಿ ಬಗ್ಗೆ ನಮ್ಮವರು ಜಾಸ್ತಿ ಕೇಳ್ತಾರೆ. ಅದಕ್ಕೆ ಮುಂಚೆ ಇಡೀ ದೇಶಕ್ಕೆ "ಇಂಡಿಯನ್ಸ್" ಅಂತ ಒಂದೇ ಇತ್ತು, ಅದನ್ನ ಒಡೆದು ಹಿಂದೂಸ್ತಾನೀಸ್, ಗುರ್ಜರಾಸ್, ಬೆಂಗಾಲೀಸ್, ದ್ರಾವಿಡಿಯನ್ಸ್ ಅಂತ ನಾಲ್ಕು ಮಾಡಿದ್ರು. ದ್ರಾವಿಡಿಯನ್ಸ್ ಅಂದ್ರೆ ನಾವು. ಉರುಮಿ ಅನ್ನೋ ಬಳುಕೋ ಕತ್ತಿ ಹಿಡಿದ ಕಾಲಾಳು ಇದಾನೆ, ದೊಡ್ಡ ಯುದ್ಧನೌಕೆ ಇದೆ, ವೂಟ್ಜ್ ಸ್ಟೀಲ್ ಅಂತ ಒಂದು ಅಪ್‌ಗ್ರೇಡ್ ಇದೆ, ಅದು ಮಾಡಿದ್ರೆ ಎದುರಿನವನ ಕವಚ ಲೆಕ್ಕಕ್ಕೇ ಇಲ್ಲ. ಕುದುರೆ ಮಾತ್ರ ದೇವರಿಗೇ ಪ್ರೀತಿ, ನೈಟ್ ಅನ್ನೋ ಗಟ್ಟಿ ಕುದುರೆ ಸವಾರ ಇಲ್ವೇ ಇಲ್ಲ, ಬಯಲು ಮ್ಯಾಪಲ್ಲಿ ಆಡಿದ್ರೆ ಕಣ್ಣೀರು ಬರುತ್ತೆ, ನೀರಿರೋ ಮ್ಯಾಪಲ್ಲಿ ಮಜಾ. ಕ್ಯಾಂಪೇನ್ (ಕಥೆ ಹೇಳ್ತಾ ಒಂದೊಂದೇ ಮಿಷನ್ ಆಡಿಸೋದು) ರಾಜೇಂದ್ರ ಚೋಳನದ್ದು, ಇತಿಹಾಸದಲ್ಲಿ ಅವನ ದೊಡ್ಡ ವೈರಿಗಳು ಯಾರು ಅಂದ್ರೆ ನಮ್ಮ ಕಲ್ಯಾಣದ ಚಾಲುಕ್ಯರೇ, ಹಾಗಾಗಿ ಆಡ್ತಾ ಸ್ವಲ್ಪ ಮುಜುಗರ ಆಗುತ್ತೆ. ಸೈನಿಕರು ಮಾತಾಡೋದು ತಮಿಳು. ವಿಜಯನಗರ, ಹೊಯ್ಸಳ ಎಲ್ಲಾ ಇದೇ ಒಂದು ಹೆಸರಿನ ಕೆಳಗೆ ಅಡಗಿ ಕೂತಿವೆ ಅಂತ ಸಮಾಧಾನ ಮಾಡ್ಕೋಬೇಕು. ಕೃಷ್ಣದೇವರಾಯನಿಗೆ ಒಂದು ಕ್ಯಾಂಪೇನ್ ಮಾಡ್ರಪ್ಪ ಅನ್ನೋದು ನನ್ನ ಕಾಯಂ ಬೇಡಿಕೆ.

ಬರೀ ಮೂಲ ಗೇಮ್ ತಗೊಂಡ್ರೂ ಹಿಂದೂಸ್ತಾನೀಸ್ ಸಿಗುತ್ತೆ, ಪೃಥ್ವಿರಾಜನ ಕ್ಯಾಂಪೇನ್ ಕೂಡ ಇದೆ, ಮಿಕ್ಕ ಮೂರಕ್ಕೆ ಮಾತ್ರ ಡಿಎಲ್‌ಸಿ ಬೇಕು. ಡಿಎಲ್‌ಸಿ ಪಟ್ಟಿ ಉದ್ದ ಇದೆ ಅಂತ ಗಾಬರಿ ಆಗ್ಬೇಡಿ, ಅದಿಲ್ದೇನೇ ವರ್ಷಗಟ್ಟಲೆ ಆಡೋವಷ್ಟಿದೆ. 2025ರಲ್ಲಿ ಬಂದ ಥ್ರೀ ಕಿಂಗ್ಡಮ್ಸ್ ಬಗ್ಗೆ ಅಭಿಮಾನಿಗಳು ಸಿಕ್ಕಾಪಟ್ಟೆ ಉರಿದುಬಿದ್ರು, ಹೀರೋಗಳನ್ನ ರ‍್ಯಾಂಕ್ಡ್‌ಗೆ ತಂದ್ರು ಅಂತ. ನನ್ ಕೇಳಿದ್ರೆ ಅದನ್ನ ಈಗ ತಗೊಳ್ಳೋ ಅರ್ಜೆಂಟ್ ಏನಿಲ್ಲ.

ಮಷಿನ್ ವಿಷ್ಯಕ್ಕೆ ಬಂದ್ರೆ ಇದು ಬಡವರ ಬಂಧು, 4 ಜಿಬಿ ರ‍್ಯಾಮ್, ಹಳೇ ಇಂಟೆಲ್ ಗ್ರಾಫಿಕ್ಸ್ ಇದ್ರೂ ಓಡುತ್ತೆ ಅಂತಾರೆ. ಆದ್ರೆ ಒಂದು ತಿಳ್ಕೊಳ್ಳಿ, ರ‍್ಯಾಂಕ್ಡ್ ಆಡೋಕೆ ಮುಂಚೆ ಗೇಮೇ ಮಷಿನ್ ವೇಗ ಅಳೆಯೋ ಒಂದು ಬೆಂಚ್‌ಮಾರ್ಕ್ ಟೆಸ್ಟ್ ಮಾಡ್ಸುತ್ತೆ, 1000 ಸ್ಕೋರ್ ಬರ್ಲೇಬೇಕು. ಕಾರಣ ಇದೆ. ಈ ಗೇಮಲ್ಲಿ ಎಲ್ಲರ ಕಂಪ್ಯೂಟರೂ ಒಟ್ಟಿಗೇ ಲೆಕ್ಕ ಹಾಕ್ಕೊಂಡು ಮುಂದೆ ಹೋಗ್ಬೇಕು, ಎಂಟು ಜನರಲ್ಲಿ ಒಬ್ಬನ ಲ್ಯಾಪ್‌ಟಾಪ್ ತೆವಳಿದ್ರೆ ಎಂಟೂ ಜನ ತೆವಳ್ಬೇಕು. ಪ್ರತಿ ಗ್ಯಾಂಗಲ್ಲೂ ಅಂಥವನು ಒಬ್ಬ ಇರ್ತಾನೆ. ನಮ್ಮಲ್ಲಿ ಆ ಪುಣ್ಯಾತ್ಮನನ್ನ ಒಂದು ಶನಿವಾರ ಎಸ್‌ಪಿ ರೋಡಿಗೆ ಕರ್ಕೊಂಡ್ ಹೋಗಿ ಎಸ್‌ಎಸ್‌ಡಿ, ಇನ್ನೊಂದು ಸ್ಟಿಕ್ ರ‍್ಯಾಮ್ ಹಾಕಿಸಿದ್ವಿ, ಖರ್ಚು ಎಲ್ರೂ ಹಂಚ್ಕೊಂಡ್ವಿ, ಎಲ್ಲರಿಗೂ ಲಾಭ. 4ಕೆ ಗ್ರಾಫಿಕ್ಸ್ ಬೇರೆ ಫ್ರೀ ಡೌನ್‌ಲೋಡ್ ಆಗಿ ಕೊಡ್ತಾರೆ, ದೊಡ್ಡ ಮಾನಿಟರ್ ಇಲ್ದಿದ್ರೆ ಅದನ್ನ ಮುಟ್ಟೋಕೆ ಹೋಗ್ಬೇಡಿ.

ಇನ್ನೊಂದು ಬೇಜಾರಿನ ವಿಷ್ಯ, ಸೈಬರ್ ಕಾಲದಲ್ಲಿ ಮಾಡ್ತಿದ್ವಲ್ಲ, ಪಕ್ಕದ ಸಿಸ್ಟಂನ ಐಪಿ ಹೊಡೆದು ಕನೆಕ್ಟ್ ಆಗೋದು, ಅದು ಇಲ್ಲಿಲ್ಲ. ಒಂದೇ ರೂಮಲ್ಲಿ ಕೂತಿದ್ರೂ ಮಲ್ಟಿಪ್ಲೇಯರ್‌ಗೆ ಇಂಟರ್ನೆಟ್ಟು, ಅಕೌಂಟ್ ಲಾಗಿನ್ನು ಬೇಕೇ ಬೇಕು. ಮಳೆ ಬಂದು ಏರಿಯಾದಲ್ಲಿ ಕರೆಂಟ್ ಹೋದ್ರೆ ಲ್ಯಾಪ್‌ಟಾಪಲ್ಲಿ ಬ್ಯಾಟರಿ ಇದ್ದೂ ವೈಫೈ ಇಲ್ದೆ ಆಟ ನಿಂತ್ಹೋಗುತ್ತೆ, ರೌಟರ್‌ಗೆ ಒಂದು ಸಣ್ಣ ಯುಪಿಎಸ್ ಇಟ್ಕೊಳ್ಳಿ.

4

ಈಗ ಮೇನ್ ಮ್ಯಾಟರ್. 4 ಬಂದಾಗ ಜನ ಎರಡು ದೂರು ಹೇಳಿದ್ರು, ನೋಡೋಕೆ ಕಾರ್ಟೂನ್ ಥರ ಇದೆ, ಕ್ಯಾಮೆರಾ ಸಾಕಷ್ಟು ಮೇಲಕ್ಕೆ ಹೋಗಲ್ಲ. ಎರಡೂ ನಿಜವೇ ಆಗಿತ್ತು. ಬಣ್ಣ ಗಾಢ, ಆಯುಧಗಳು ಮೈಗಿಂತ ದೊಡ್ಡವು. ಆದ್ರೆ ನೂರು ಜನ ಸೈನಿಕರು ಒಂದೇ ಕಡೆ ನುಗ್ಗಿದಾಗ ಯಾರು ಈಟಿಯವನು, ಯಾರು ಬಿಲ್ಲಿನವನು ಅಂತ 4ರಲ್ಲಿ ಕಣ್ಣಿಗೆ ಬೇಗ ತಿಳಿಯುತ್ತೆ, 2ರಲ್ಲಿ ಬರೀ ಗುಂಪು ಕಾಣುತ್ತೆ. ಒಂದು ವಾರದಲ್ಲಿ ಕಣ್ಣು ಒಗ್ಗಿಕೊಳ್ಳುತ್ತೆ, ಇದಕ್ಕೋಸ್ಕರ ಬೇಡ ಅನ್ನಬೇಡಿ.

4ರ ನಿಜವಾದ ಬಲ ಅಂದ್ರೆ ನಾಗರಿಕತೆಗಳು. ಶುರುವಲ್ಲಿ ಬರೀ 8 ಇದ್ವು, 2022ರಲ್ಲಿ ಆಟೊಮನ್ನು, ಮಾಲಿಯನ್ನು ಫ್ರೀಯಾಗಿ ಕೊಟ್ರು, 2023ರ ಸುಲ್ತಾನ್ಸ್ ಅಸೆಂಡ್‌ನಲ್ಲಿ ಇನ್ನಷ್ಟು. ಸಂಖ್ಯೆ ಕಮ್ಮಿ, ಆದ್ರೆ ಒಂದೊಂದೂ ಬೇರೆ ಬೇರೆ ಗೇಮ್ ಥರ. 2ರಲ್ಲಿ ಹೆಚ್ಚುಕಮ್ಮಿ ಎಲ್ಲರದ್ದೂ ಒಂದೇ ಮರ, ಕೊಂಬೆ ಮಾತ್ರ ಬೇರೆ. ಇಲ್ಲಿ ಮಂಗೋಲರು ಕಟ್ಟಡಗಳನ್ನೇ ಎತ್ತಿ ಗಾಡಿ ಮೇಲೆ ಹಾಕ್ಕೊಂಡು ಹೊರಟುಹೋಗ್ತಾರೆ, ಗೋಡೆ ಕಟ್ಟಲ್ಲ.

ನಾನು ಆಡೋದು ಡೆಲ್ಲಿ ಸುಲ್ತಾನೇಟ್. ಅವರಿಗೆ ಅಪ್‌ಗ್ರೇಡ್ ಎಲ್ಲಾ ಫ್ರೀ, ಒಂದ್ ರೂಪಾಯಿ ಖರ್ಚಿಲ್ಲ, ಆದ್ರೆ ಆಮೆ ವೇಗ. ಬೇಗ ಆಗ್ಬೇಕಂದ್ರೆ ವಿದ್ವಾಂಸರನ್ನ ತಯಾರು ಮಾಡಿ ಮಸೀದಿ ಒಳಗೆ ಕೂರಿಸ್ಬೇಕು. ಆದ್ರೆ ಅದೇ ವಿದ್ವಾಂಸರು ಹೊರಗೆ ಹೋಗಿ ಮ್ಯಾಪಲ್ಲಿರೋ ಪವಿತ್ರ ಸ್ಥಳ ಹಿಡಿದ್ರೆ ಚಿನ್ನ ಹರಿದು ಬರುತ್ತೆ, ಬೇರೆಯವರು ಕ್ಯಾಸಲ್ ಏಜ್ ತನಕ ಕಾಯ್ಬೇಕು, ಡೆಲ್ಲಿಯವರು ಅದಕ್ಕಿಂತ ಮುಂಚೆನೇ ಹಿಡೀಬಹುದು. ಈಗ ಒಳಗೆ ಕೂರಿಸ್ತೀರೋ, ಹೊರಗೆ ಕಳಿಸ್ತೀರೋ? ಹೊರಗೆ ಕಳಿಸಿದ್ರೆ ಎದುರಾಳಿ ಕುದುರೆ ಬಂದು ಕತ್ತರಿಸಿ ಹಾಕುತ್ತೆ, ಒಳಗಿಟ್ರೆ ಚಿನ್ನ ಇಲ್ಲ. ಹತ್ತು ನಿಮಿಷದೊಳಗೆ ಇಂಥ ತೀರ್ಮಾನ ಮೂರ್ನಾಲ್ಕು ಸಲ ಬರುತ್ತೆ, ಕೊನೆಗೆ ಆನೆ ಮೇಲೆ ಬಿಲ್ಲುಗಾರರನ್ನ ಕೂರಿಸ್ಕೊಂಡು ಹೊರಟಾಗ ಆಹಾ, ಆ ಸುಖಾನೇ ಬೇರೆ ಗುರು. ಇಂಥ ಆಸೆ ಹುಟ್ಟಿಸೋ ತಿಕ್ಕಾಟ 2ರಲ್ಲಿ ಇಲ್ಲ ಅಂತ ಒಬ್ಬ 2ರ ಅಭಿಮಾನಿಯಾಗಿ ಒಪ್ಕೊಳ್ಳಲೇಬೇಕು.

ಏಜ್ ದಾಟೋಕೆ ಬಟನ್ ಒತ್ತಿದ್ರೆ ಸಾಲ್ದು, ಲ್ಯಾಂಡ್‌ಮಾರ್ಕ್ ಅನ್ನೋ ಒಂದು ವಿಶೇಷ ಕಟ್ಟಡ ಕಟ್ಟಬೇಕು, ಎರಡರಲ್ಲಿ ಒಂದು ಆರಿಸ್ಬೇಕು. ಗೋಡೆ ಮೇಲೆ ಸೈನಿಕರು ಹತ್ತಿ ನಿಲ್ತಾರೆ, ಕಾಡಲ್ಲಿ ಅಡಗಿ ಕೂರಬಹುದು. ಹೊಲ ಮುಗಿಯೋದೇ ಇಲ್ಲ. ಕುರಿಗಳು ಸ್ಕೌಟ್ ಹಿಂದೆ ತಾವಾಗೇ ನಡ್ಕೊಂಡು ಬರ್ತವೆ. ಲ್ಯಾಂಡ್‌ಮಾರ್ಕ್ ಎಲ್ಲಾ ಉರುಳಿಸಿದ್ರೆ ಆಟ ಮುಗೀತು, ಮೂಲೇಲಿ ಅಡಗಿರೋ ಒಬ್ಬ ವಿಲೇಜರ್‌ನ ಹುಡುಕ್ಕೊಂಡು ಅರ್ಧ ಗಂಟೆ ಅಲೆಯೋ ಕೆಲಸ ಇಲ್ಲ. ಇದು ಸಣ್ಣದು ಅನ್ಸಬಹುದು, ರಾತ್ರಿ ಊಟ ಆದ್ಮೇಲೆ ಒಂದು ಮ್ಯಾಚ್ ಆಡಿ ಮಲಗೋರಿಗೆ ಇದೇ ದೊಡ್ಡದು.

ಸೌಂಡ್ ಬಗ್ಗೆ ಒಂದ್ ಮಾತು. ಏಜ್ ಬದಲಾದಂಗೆ ಜನ ಮಾತಾಡೋ ಭಾಷೇನೇ ಬದಲಾಗುತ್ತೆ, ಇಂಗ್ಲಿಷ್‌ನವರು ಶುರುವಲ್ಲಿ ಮಾತಾಡೋ ಹಳೇ ಇಂಗ್ಲಿಷ್ ಒಂದಕ್ಷರ ತಿಳಿಯಲ್ಲ, ಹಳಗನ್ನಡ ಶಾಸನ ಓದಿಸಿದ ಹಾಗೆ. ಹೆಡ್‌ಫೋನ್ ಹಾಕ್ಕೊಂಡೇ ಆಡಿ.

ಕೊರತೆ? ಕ್ಯಾಂಪೇನ್. ನಾರ್ಮನ್ನರು, ನೂರು ವರ್ಷದ ಯುದ್ಧ, ಮಂಗೋಲರು, ಮಾಸ್ಕೋ ಅಂತ ನಾಲ್ಕು ಇದ್ವು. ನಡುನಡುವೆ ನಿಜವಾದ ಕೋಟೆ, ಊರುಗಳನ್ನ ಡ್ರೋನಲ್ಲಿ ತೆಗೆದ ವಿಡಿಯೋ ಬರುತ್ತೆ, ಕವಣೆ ಯಂತ್ರ ಹೇಗೆ ಕೆಲಸ ಮಾಡುತ್ತೆ ಅಂತ ಕಟ್ಟಿ ತೋರಿಸೋ ಸಣ್ಣ ಚಿತ್ರಗಳಿವೆ, ಅವು ಅದ್ಭುತ. ಆದ್ರೆ ಕಥೇಲಿ ಮನುಷ್ಯರಿಲ್ಲ, ಡಾಕ್ಯುಮೆಂಟರಿ ನೋಡ್ದಂಗೆ ಆಗುತ್ತೆ. 2ರಲ್ಲಿ ಜೋನ್ ಆಫ್ ಆರ್ಕ್ ಕ್ಯಾಂಪೇನ್ ಆಡಿದವರಿಗೆ ಆ ನಿರೂಪಕನ ದನಿ ಇವತ್ತಿಗೂ ಕಿವಿಲಿದೆ, ಇಲ್ಲಿ ಅಂಥದ್ದು ಏನೂ ಉಳಿಯಲ್ಲ. ಡೆಲ್ಲಿಗಂತೂ ಶುರುವಲ್ಲಿ ಕ್ಯಾಂಪೇನೇ ಕೊಟ್ಟಿರ್ಲಿಲ್ಲ. ದಕ್ಷಿಣ ಭಾರತದ ಸುದ್ದಿ ಕೇಳಲೇಬೇಡಿ.

ಮಷಿನ್ ಕೂಡ ಸ್ವಲ್ಪ ಗಟ್ಟಿ ಬೇಕು. ಮಿನಿಮಮ್ ಅಂತ ಹೇಳಿರೋದು 8 ಜಿಬಿ ರ‍್ಯಾಮ್, 50 ಜಿಬಿ ಜಾಗ, ಇಂಟೆಲ್ ಎಚ್‌ಡಿ 520 ಥರದ್ದು. ಅದ್ರಲ್ಲಿ ಓಪನ್ ಆಗುತ್ತೆ, ಒಬ್ಬರ ಎದುರು ಒಬ್ಬರು ಆಡಬಹುದು. ನಾಲ್ಕು ನಾಲ್ಕು ಜನರ ಮ್ಯಾಚಲ್ಲಿ ಕೊನೆಗೆ ಆನೆ, ಕುದುರೆ ಎಲ್ಲಾ ಸೇರಿದಾಗ ಸ್ಲೈಡ್ ಶೋ. 16 ಜಿಬಿ, ಒಂದು ಸಾಧಾರಣ ಗ್ರಾಫಿಕ್ಸ್ ಕಾರ್ಡ್ ಇದ್ರೆ ನೆಮ್ಮದಿ, ಅವರೇ ಶಿಫಾರಸು ಮಾಡಿರೋದು ಜಿಟಿಎಕ್ಸ್ 970, ಅದು 2014ರ ಕಾರ್ಡು, ಹಾಗಾಗಿ ಸೆಕೆಂಡ್ ಹ್ಯಾಂಡ್ ಆದ್ರೂ ಸಾಕು. ಆಫೀಸ್ ಲ್ಯಾಪ್‌ಟಾಪಲ್ಲಿ ಹಾಕೋ ಐಡಿಯಾ ಇದ್ರೆ ಬಿಟ್ಬಿಡಿ, ಐಟಿಯವರು ಫೋನ್ ಮಾಡ್ತಾರೆ. ಮ್ಯಾಕ್ ಇರೋರಿಗೆ ಮೂರೂ ನೇರವಾಗಿ ಸಿಗಲ್ಲ. ಎಕ್ಸ್‌ಬಾಕ್ಸ್ ಇದ್ರೆ 2ನೂ 4ನೂ 2023ರಿಂದ ಇದೆ, ಕಂಟ್ರೋಲರಲ್ಲಿ ಆಡೋಕೆ ತಾಳ್ಮೆ ಬೇಕು ಅಷ್ಟೆ.

3 ಡಿಇ

ಇದನ್ನ ಯಾರೂ ಸರಿಯಾಗಿ ಮಾತಾಡ್ಸಲ್ಲ, ಮಧ್ಯದ ಮಗನ ಕಥೆ. ಬಂದೂಕು, ಫಿರಂಗಿ ಕಾಲ. ಕಲ್ಲು ಅನ್ನೋ ಸಂಪನ್ಮೂಲನೇ ಇಲ್ಲ, ವಿಲೇಜರ್ ಕಡಿದಿದ್ದನ್ನ ಹೊತ್ಕೊಂಡು ಬಂದು ಹಾಕ್ಬೇಕಾಗಿಲ್ಲ, ನಿಂತಲ್ಲೇ ಲೆಕ್ಕಕ್ಕೆ ಸೇರುತ್ತೆ. ತಾಯ್ನಾಡಿನ ಊರಿಂದ ಕಾರ್ಡ್ ಮೂಲಕ ಸಾಮಾನು ತರಿಸ್ಕೋಬೇಕು, ಹಳೇದ್ರಲ್ಲಿ ಆ ಕಾರ್ಡ್‌ಗೋಸ್ಕರ ಆಡಿ ಆಡಿ ಲೆವೆಲ್ ಏರಿಸ್ಬೇಕಿತ್ತು, ಡಿಇಲಿ ಎಲ್ಲಾ ಮೊದಲೇ ಓಪನ್. ಇಂಡಿಯನ್ಸ್ ಆಡಿದ್ರೆ ವಿಲೇಜರ್ ಮಾಡೋಕೆ ಫುಡ್ ಬೇಡ, ಮರ ಬೇಕು, ಹಸುಗಳನ್ನ ತಿನ್ನೋ ಹಾಗಿಲ್ಲ, ಮೇಯಿಸಿ ಎಕ್ಸ್‌ಪಿ (ಅನುಭವದ ಪಾಯಿಂಟ್) ಗಳಿಸ್ಬೇಕು. 1857ರ ಸುತ್ತ ಒಂದು ಕ್ಯಾಂಪೇನ್ ಕೂಡ ಇದೆ. ಒಂದು ತಮಾಷೆ ನೋಡಿ, ಇದ್ರಲ್ಲಿ ರಾಕೆಟ್ ಅನ್ನೋ ವಿಶೇಷ ಆಯುಧ ಬ್ರಿಟಿಷರ ಕೈಲಿದೆ. ಹೈದರ್, ಟಿಪ್ಪು ಕಾಲದ ಮೈಸೂರು ರಾಕೆಟ್ ನೋಡಿ ಕಾಂಗ್ರೀವ್ ಅನ್ನೋ ಇಂಗ್ಲಿಷ್‌ನವನು ಅದನ್ನ ಇಂಗ್ಲೆಂಡಲ್ಲಿ ಬೆಳೆಸಿದ್ದು, ನಮ್ಮ ಪೇಟೆ ಕಡೆ ತಾರಾಮಂಡಲಪೇಟೆ ಅನ್ನೋ ಹೆಸರೇ ಆ ರಾಕೆಟ್‌ನಿಂದ ಬಂತು ಅಂತಾರೆ. ಬೆಂಗಳೂರಲ್ಲಿ ಕೂತು ಬ್ರಿಟಿಷರ ರಾಕೆಟ್‌ನಿಂದ ಒದೆ ತಿನ್ನೋಕೆ ಹೊಟ್ಟೆ ಉರಿಯುತ್ತೆ.

ಗೇಮ್ ಚೆನ್ನಾಗೇ ಇದೆ. ಆದ್ರೆ ಬರ್ಬೇಕಿದ್ದ ಹೊಸ ಡಿಎಲ್‌ಸಿಯನ್ನ 2025ರ ಶುರುವಲ್ಲಿ ಕೈಬಿಟ್ರು. ಒಬ್ಬರೇ ಕೂತು ಆಡೋಕೆ ಆ ಕಾಲ ಇಷ್ಟ ಅಂದ್ರೆ ತಗೊಳ್ಳಿ, ಫ್ರೆಂಡ್ಸ್ ಜೊತೆ ಮುಂದೆ ವರ್ಷಗಟ್ಟಲೆ ಆಡೋ ಪ್ಲಾನ್ ಇದ್ರೆ ನಾನು ಇದಕ್ಕೆ ಹಣ ಹಾಕಲ್ಲ.

ಫೋನಲ್ಲಿ ಏಜ್ ಆಫ್ ಎಂಪೈರ್ಸ್ ಮೊಬೈಲ್ ಅಂತ ಒಂದಿದೆ, ಹೆಸರು ಒಂದೇ, ಗೇಮ್ ಬೇರೆ ಜಾತಿದು, ಅದನ್ನ ಈ ಲೆಕ್ಕಕ್ಕೆ ತಗೊಂಡಿಲ್ಲ.

ಹಂಗಾದ್ರೆ ಯಾರಿಗೆ ಯಾವುದು

ಹಳೇ ಗ್ಯಾಂಗ್ ಇನ್ನೂ ಜೀವಂತ ಇದ್ರೆ, ಒಬ್ಬ ವೈಟ್‌ಫೀಲ್ಡಲ್ಲಿ ಒಬ್ಬ ಕೆಂಗೇರಿಲಿ ಇನ್ನೊಬ್ಬ ಅಮೆರಿಕದಲ್ಲಿ ಇದ್ದು ಶನಿವಾರ ರಾತ್ರಿ ಸೇರ್ತೀರ ಅಂದ್ರೆ ಕಣ್ಮುಚ್ಕೊಂಡು 2 ಡಿಇ. ಯಾರಿಗೂ ಏನೂ ಹೇಳಿಕೊಡ್ಬೇಕಾಗಿಲ್ಲ, ಚಾಟಲ್ಲಿ 11 ಒತ್ತಿ ಗೇಮಿನ ನಗೋ ದನಿ ಬರಿಸೋದು ಎಲ್ಲರಿಗೂ ಗೊತ್ತು. ಅಂಥಾ ಗ್ಯಾಂಗನ್ನ 4ಕ್ಕೆ ಎಳೆದುಕೊಂಡು ಹೋಗೋದು ಸುಲಭ ಅಲ್ಲ. ಐದು ಜನರಲ್ಲಿ ಇಬ್ಬರು ಕಲೀತಾರೆ, ಮೂವರು ಮೂರನೇ ವಾರಕ್ಕೆ "ಲೋ 2 ಹಾಕೋ" ಅಂತಾರೆ, ನಿಮ್ಮ ಐದೂ ಜನರ ದುಡ್ಡು ದಂಡ.

ಗ್ಯಾಂಗ್ ಚದುರಿಹೋಗಿದೆ, ನೀವೊಬ್ಬರೇ, ದಿನಕ್ಕೆ ಒಂದು ಮ್ಯಾಚ್, ಮಷಿನ್ ಪರವಾಗಿಲ್ಲ ಅಂದ್ರೆ 4. ಹೆಂಡ್ತಿಗೋ ತಮ್ಮನಿಗೋ ಈಗ ಹೊಸದಾಗಿ ಕಲಿಸ್ಬೇಕಂದ್ರೂ 4, ಅದು ಹೊಸಬರನ್ನ ಹಂದಿ ಬಾಯಿಗೆ ತಳ್ಳಲ್ಲ. ಕಥೆ, ಕ್ಯಾಂಪೇನ್ ಇಷ್ಟಪಡೋರು ಮತ್ತೆ 2ಕ್ಕೇ ಬನ್ನಿ, ಅಲ್ಲಿರೋ ಕ್ಯಾಂಪೇನ್ ಮುಗಿಸೋಕೆ ಒಂದು ಮಳೆಗಾಲ ಸಾಲಲ್ಲ.

ಬಜೆಟ್ ಬಿಗಿ ಇದ್ರೆ ಫುಲ್ ರೇಟ್ ಯಾವತ್ತೂ ಕೊಡ್ಬೇಡಿ. ಮೂರೂ ಸ್ಟೀಮ್‌ನ ಬೇಸಿಗೆ, ಚಳಿಗಾಲದ ಸೇಲಲ್ಲಿ ಚೆನ್ನಾಗಿ ಇಳೀತವೆ, ಯುಪಿಐಲೇ ಕಟ್ಟಬಹುದು. ಮೂಲ ಗೇಮ್ ಮಾತ್ರ ತಗೊಳ್ಳಿ, ಡಿಎಲ್‌ಸಿ ಬಂಡಲ್ ನೋಡಿ ಮರುಳಾಗ್ಬೇಡಿ, 2ಕ್ಕೆ ಒಂದೇ ಒಂದು ಡಿಎಲ್‌ಸಿ ಅಂದ್ರೆ ಡೈನಾಸ್ಟೀಸ್ ಆಫ್ ಇಂಡಿಯಾ, 4ಕ್ಕೆ ಸುಲ್ತಾನ್ಸ್ ಅಸೆಂಡ್, ಅದೂ ಎರಡು ತಿಂಗಳು ಆಡಿ ಇನ್ನೂ ಹಸಿವಿದ್ರೆ. ಮೈಕ್ರೋಸಾಫ್ಟ್‌ದೇ ಗೇಮ್ ಆಗಿರೋದ್ರಿಂದ ತಿಂಗಳ ಚಂದಾ ಕಟ್ಟಿ ಗೇಮ್ ಆಡೋ ಪಿಸಿ ಗೇಮ್ ಪಾಸಲ್ಲೂ ಇವು ಸಿಗ್ತವೆ, ಒಂದು ತಿಂಗಳಿಗೆ ಮಾತ್ರ ಹಾಕಿಸ್ಕೊಂಡು ಎಲ್ಲಾ ಆಡಿ ನೋಡಿ ಆಮೇಲೆ ಒಂದನ್ನ ಕೊಳ್ಳೋದು ಬುದ್ಧಿವಂತರ ದಾರಿ. ಆಟೋ ರಿನ್ಯೂವಲ್ ಆಫ್ ಮಾಡೋದು ಮರೀಬೇಡಿ.

ಗೇಮ್ ಪಾಸ್ ರಗಳೆ ಬೇಡ ಅನ್ನೋರಿಗೆ ಸ್ಟೀಮ್ ರಿಫಂಡ್ ಇದೆ, ಕೊಂಡು 14 ದಿನದೊಳಗೆ, ಆಡಿದ್ದು ಎರಡು ಗಂಟೆ ದಾಟಿರಬಾರದು. ಡೌನ್‌ಲೋಡ್ ಆಗೋ ಟೈಮ್ ಆ ಎರಡು ಗಂಟೆಗೆ ಸೇರಲ್ಲ, ಗೇಮ್ ಓಪನ್ ಮಾಡಿ ಮೆನುಲಿ ಬಿಟ್ಟು ಟೀ ಕುಡಿಯೋಕೆ ಹೋದ್ರೆ ಸೇರುತ್ತೆ. ಹಾಗಾಗಿ 4 ತಗೊಂಡ್ರೆ ಕ್ಯಾಂಪೇನ್ ವಿಡಿಯೋ ನೋಡ್ತಾ ಕೂರ್ಬೇಡಿ. ಸೆಟ್ಟಿಂಗ್ ಒಂದ್ಸಲ ಸರಿಮಾಡ್ಕೊಂಡು ನೇರ ಕಂಪ್ಯೂಟರ್ ಎದುರು ಇಂಗ್ಲಿಷ್ ತಗೊಂಡು ಒಂದು ಮ್ಯಾಚ್, ಡೆಲ್ಲಿ ತಗೊಂಡು ಒಂದು ಮ್ಯಾಚ್ ಆಡಿ, ಅಷ್ಟೂ ಎರಡು ಗಂಟೆ ಒಳಗೇ ಮುಗಿಯುತ್ತೆ. ಎರಡನೇ ಮ್ಯಾಚಲ್ಲಿ ವಿದ್ವಾಂಸರನ್ನ ಎಲ್ಲಿ ಕೂರಿಸ್ಲಿ ಅಂತ ತಲೆ ಕೆರ್ಕೊಂಡ್ರೆ ಇಟ್ಕೊಳ್ಳಿ, ಬೋರ್ ಹೊಡೆದ್ರೆ ವಾಪಸ್ ಕೊಟ್ಟು ಅದೇ ದುಡ್ಡಲ್ಲಿ 2 ತಗೊಳ್ಳಿ.